ಲಘುವಿಮಾನದ ಕಾರ್ಬ್ಯುರೆಟರು: ಭೀಮಾ–ಕೃಷ್ಣಾ ಸೀಮೆಯ ವಾಯುಗುಣವನ್ನು ಹಿಡಿದು ಒಂದು ವಿಮರ್ಶೆ

ಸಣ್ಣ ವಿಮಾನದ ಎಂಜಿನಿಗೆ ಕಾರ್ಬ್ಯುರೆಟರನ್ನು ಆರಿಸತಕ್ಕವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಅದರಿಂದ ಎಷ್ಟು ಅಶ್ವಶಕ್ತಿ ದೊರೆಯುವುದೆಂಬುದು. ಪ್ರಶ್ನೆಯೇನೋ ಅಯುಕ್ತವಲ್ಲ, ಆದರೆ ಅದಕ್ಕೆ ಅಗ್ರಸ್ಥಾನವನ್ನು ಕೊಟ್ಟುದರಿಂದ ಬೇರೊಂದು ಪ್ರಶ್ನೆ ಮರೆಯಾಗಿದೆ. ಎಂಜಿನು ಪೂರ್ಣ ಶಕ್ತಿಯಿಂದ ಮೇಲೇರುವಾಗ ಕಾರ್ಬ್ಯುರೆಟರು ಹೇಗೆ ವರ್ತಿಸುವುದೆಂಬುದಕ್ಕಿಂತ, ಶಕ್ತಿಯನ್ನು ತಗ್ಗಿಸಿ ನೆಲದ ಕಡೆಗೆ ಇಳಿಯುವಾಗ ಅದು ಹೇಗೆ ವರ್ತಿಸುವುದೆಂಬುದು ವಿಮಾನಿಕನ ಪ್ರಾಣಕ್ಕೆ ಹೆಚ್ಚು ಸಂಬಂಧಪಟ್ಟ ಸಂಗತಿ. ಇದನ್ನು ತೀರ್ಮಾನಿಸುವುದು ತಯಾರಕರ ಪಟ್ಟಿಯಲ್ಲ, ವಿಮಾನವು ಹಾರುವ ಪ್ರದೇಶದ ಗಾಳಿ.

ಕರ್ಣಾಟಕದ ಲಘುವಿಮಾನಗಳೆಲ್ಲ ರೂಪುಗೊಂಡುದು ಬೆಂಗಳೂರಿನಲ್ಲಿ. ಅಲ್ಲಿಯ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ್ದು, ಗಾಳಿ ಸೌಮ್ಯವಾದುದು. ಆದರೆ ವಿಮಾನವು ತಾನು ಹುಟ್ಟಿದ ಊರಿನ ಆಕಾಶದಲ್ಲಿಯೇ ಉಳಿಯುವುದಿಲ್ಲವಷ್ಟೆ. 1948ಕ್ಕೆ ಮೊದಲು ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಸಂಸ್ಥಾನದ ಬೇಗಂಪೇಟೆಯಲ್ಲಿ ಪ್ರಾಥಮಿಕ ಹಾರಾಟದ ಶಾಲೆ ನಡೆಯುತ್ತಿದ್ದು, ಅಲ್ಲಿ ಟೈಗರ್ ಮಾತ್ ವಿಮಾನಗಳ ಮೇಲೆ ಶಿಕ್ಷಣವಾಗುತ್ತಿತ್ತು. 2019ರ ನವೆಂಬರಿನಲ್ಲಿ ಕಲಬುರಗಿಯ ವಿಮಾನನಿಲ್ದಾಣ ತೆರೆಯಿತು; 2021ರಲ್ಲಿ ಹಾರಾಟದ ಶಾಲೆಗಳಿಗೆ ಅಲ್ಲಿ ಸ್ಥಳ ಗೊತ್ತಾಯಿತು. ಯಾದಗಿರಿಯು ಆ ನಿಲ್ದಾಣಕ್ಕೆ ನೆರೆಯ ಸೀಮೆ. ಆದುದರಿಂದ ಭೀಮಾ–ಕೃಷ್ಣಾ ಸೀಮೆಯ ಈ ಮೂರು ತಾಲ್ಲೂಕುಗಳ ಗಾಳಿಯನ್ನು ಒರೆಗಲ್ಲಾಗಿ ಹಿಡಿದು, ನಮ್ಮ ನಾಡಿನ ಲಘುವಿಮಾನಗಳಲ್ಲಿ ನಡೆದಿರುವ ಆಯ್ಕೆಗಳನ್ನು ತೂಗಿನೋಡುವುದು ಅಪ್ರಕೃತವಾಗಲಾರದು.

ಕಾರ್ಬ್ಯುರೆಟರಿನ ತತ್ತ್ವ ಸರಳವಾದುದು. ಎಂಜಿನು ಒಳಕ್ಕೆ ಎಳೆದುಕೊಳ್ಳುವ ಗಾಳಿಯು ವೆಂಚುರಿ ಎಂಬ ಇಕ್ಕಟ್ಟಾದ ಕಂಠದ ಮೂಲಕ ಹಾಯುವಾಗ ವೇಗವನ್ನು ಪಡೆದು ಒತ್ತಡವನ್ನು ಕಳೆದುಕೊಳ್ಳುವುದು. ತೇಲುಗುಂಡಿನ ಪಾತ್ರೆಯಲ್ಲಿರುವ ಪೆಟ್ರೋಲು ಆ ಒತ್ತಡದ ಇಳಿತಕ್ಕೆ ಸರಿಯಾಗಿ ಜೆಟ್ಟಿನ ಮೂಲಕ ಮೇಲಕ್ಕೆ ಬಂದು ಗಾಳಿಯೊಡನೆ ಬೆರೆಯುವುದು. ಅಂದಮೇಲೆ ಕಂಠದಲ್ಲಿಯ ಒತ್ತಡದ ಇಳಿತವೇ ಈ ಉಪಕರಣದ ಜೀವ. ಕಂಠವನ್ನು ಅಗಲಮಾಡಿದರೆ ಗಾಳಿಗೆ ತಡೆ ಕಡಮೆಯಾಗಿ ಎಂಜಿನಿಗೆ ಶಕ್ತಿ ಹೆಚ್ಚುವುದೆಂಬ ವಾದವನ್ನು ಆಗಾಗ ಕೇಳುತ್ತೇವಲ್ಲವೆ? ಅದನ್ನು ಅಂಕೆಗಳಲ್ಲಿ ಪರೀಕ್ಷಿಸಬಹುದು.

ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ನಿರ್ಮಿಸಿದ ಪುಷ್ಪಕ ವಿಮಾನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿದ ಈ ವಿಮಾನವು ಮುಂದೆ ದೇಶದ ಹಾರಾಟದ ಸಂಘಗಳಿಗೆಲ್ಲ ಪರಿಚಿತವಾಯಿತು. ಇದರ ಎಂಜಿನು ಕಾಂಟಿನೆಂಟಲ್ ಸಿ-90. ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 3.3 ಲೀಟರು, ನಿಮಿಷಕ್ಕೆ 2,475 ಸುತ್ತುಗಳಲ್ಲಿ 90 ಅಶ್ವಶಕ್ತಿ. ಎರಡು ಸುತ್ತಿಗೊಮ್ಮೆ ಸಿಲಿಂಡರುಗಳು ತುಂಬುವುವೆಂದೂ, ಅವು ತಮ್ಮ ಗಾತ್ರದ ನೂರಕ್ಕೆ 80 ಪಾಲು ಮಾತ್ರ ತುಂಬುವುವೆಂದೂ ಎಣಿಸಿದರೆ, ಸೆಕೆಂಡಿಗೆ ಸುಮಾರು 54 ಲೀಟರು ಗಾಳಿ ಕಂಠದ ಮೂಲಕ ಹಾಯಬೇಕಾಗುವುದು. ಕಂಠದ ವ್ಯಾಸ 35 ಮಿಲಿಮೀಟರೆಂದಿಟ್ಟುಕೊಂಡರೆ ಗಾಳಿಯ ವೇಗ ಸೆಕೆಂಡಿಗೆ 56 ಮೀಟರು. ಒತ್ತಡದ ಇಳಿತ ಸುಮಾರು 190 ಮಿಲಿಮೀಟರು ಎತ್ತರದ ನೀರಿನ ತೂಕದಷ್ಟು. ವ್ಯಾಸವನ್ನು 40 ಮಿಲಿಮೀಟರಿಗೆ ಏರಿಸಿದರೆ ವೇಗ 43 ಮೀಟರಿಗೂ ಇಳಿತ ಸುಮಾರು 113 ಮಿಲಿಮೀಟರಿಗೂ ಬೀಳುವುವು. ಇದರಿಂದ ಬಂದ ಲಾಭವೆಷ್ಟು? ಕಂಠವನ್ನು ದಾಟಿದ ಗಾಳಿಯು ಕಳೆದುಕೊಂಡ ಒತ್ತಡದಲ್ಲಿ ಏನೊಂದನ್ನೂ ಮರಳಿ ಪಡೆಯುವುದಿಲ್ಲವೆಂದು ಒಪ್ಪಿಕೊಂಡರೂ ಲಾಭವು ವಾಯುಮಂಡಲದ ಒತ್ತಡದ ನೂರನೆಯ ಒಂದು ಪಾಲನ್ನೂ ಮುಟ್ಟದು. ಎಂದರೆ 90 ಅಶ್ವಶಕ್ತಿಯ ಎಂಜಿನಿಗೆ ಒಂದು ಕುದುರೆಯೂ ಹೆಚ್ಚಾಗಿ ಬರಲಿಲ್ಲ. ನಷ್ಟವೆಷ್ಟು? ಥ್ರಾಟಲನ್ನು ಅರ್ಧಗಾಳಿಗೆ ಇಳಿಸಿದಾಗ ಚಿಕ್ಕ ಕಂಠದಲ್ಲಿ ಇನ್ನೂ 48 ಮಿಲಿಮೀಟರಿನಷ್ಟು ಇಳಿತ ಉಳಿದಿರುತ್ತದೆ. ದೊಡ್ಡದರಲ್ಲಿ 28 ಮಾತ್ರ. ಪೆಟ್ರೋಲನ್ನು ಜೆಟ್ಟಿನ ತುದಿಯವರೆಗೆ ಎತ್ತಿ, ಸೀಳಿ, ಹನಿಗಳನ್ನಾಗಿ ಮಾಡಬೇಕಾದ ಬಲವು ಇಷ್ಟಕ್ಕೆ ಕುಗ್ಗಿದಾಗ ಮಿಶ್ರಣವು ನಾಲ್ಕು ಸಿಲಿಂಡರುಗಳಿಗೆ ಸಮನಾಗಿ ಹಂಚಿಹೋಗದೆ ಎಂಜಿನು ಮುಗ್ಗರಿಸತೊಡಗುವುದು. ಅಶ್ವಶಕ್ತಿಯ ಪಟ್ಟಿಯನ್ನು ಮಾತ್ರ ನೋಡಿ ಆರಿಸತಕ್ಕವರಿಗೆ ಈ ವ್ಯಾಪಾರದ ಎರಡನೆಯ ಪಾರ್ಶ್ವ ಕಾಣುವುದಿಲ್ಲ.

ಇನ್ನು ಸ್ಥಳದ ವಿಚಾರ. ಯಾದಗಿರಿ ಪಟ್ಟಣವು ಸುಮಾರು 390 ಮೀಟರು ಎತ್ತರದಲ್ಲಿದೆ. ವೈಶಾಖದ ನಡುಹಗಲಿನಲ್ಲಿ ಉಷ್ಣತೆಯು 43 ಡಿಗ್ರಿ ಸೆಂಟಿಗ್ರೇಡಿಗೆ ಏರಿತೆಂದು ಹಿಡಿದರೆ, ಒಂದು ಘನಮೀಟರು ಗಾಳಿಯ ತೂಕ ಸುಮಾರು 1.07 ಕಿಲೋಗ್ರಾಂ ಆಗುವುದು. ಸಮುದ್ರಮಟ್ಟದ ಪ್ರಮಾಣಗಾಳಿಯ ತೂಕ 1.225. ಪ್ರಮಾಣವಾಯುಮಂಡಲದಲ್ಲಿ ಇಷ್ಟು ಹಗುರಾದ ಗಾಳಿ ಸಿಕ್ಕಬೇಕಾದರೆ 1,400 ಮೀಟರಿಗಿಂತ ಮೇಲಕ್ಕೆ ಏರಬೇಕು. ಬೆಂಗಳೂರಿಗಿಂತ 500 ಮೀಟರು ತಗ್ಗಿನಲ್ಲಿರುವ ಊರು ಆ ಹೊತ್ತಿಗೆ ಬೆಂಗಳೂರಿಗಿಂತ ಎತ್ತರದ ಊರಾಗಿ ಪರಿಣಮಿಸುವುದೆಂದರೆ ವಿಚಿತ್ರವಾಗಿ ತೋರಬಹುದು. ಎಂಜಿನಿನ ಮಟ್ಟಿಗಂತೂ ಇದು ನಿಜ. ಸಾಮಾನ್ಯವಾದ ವೆಂಚುರಿ ಕಾರ್ಬ್ಯುರೆಟರು ಗಾಳಿಯನ್ನು ಅಳೆಯುವುದು ಗಾತ್ರವನ್ನು ನೋಡಿಯೇ ಹೊರತು ತೂಕವನ್ನು ನೋಡಿ ಅಲ್ಲ. ಸಾಂದ್ರತೆ ಕಡಮೆಯಾದಾಗ ಪೆಟ್ರೋಲು ಅದರ ವರ್ಗಮೂಲದಂತೆ ಮಾತ್ರ ಕಡಮೆಯಾಗುವುದರಿಂದ, ಮೇಲ್ಕಂಡ ಮಧ್ಯಾಹ್ನದಲ್ಲಿ ಮಿಶ್ರಣವು ನೂರಕ್ಕೆ 7ರಷ್ಟು ಗಾಢವಾಗುವುದು. ಗಾಳಿಯ ಕೊರತೆಯಿಂದ ಮೊದಲೇ ನೂರಕ್ಕೆ 13ರಷ್ಟು ಶಕ್ತಿಯನ್ನು ಕಳೆದುಕೊಂಡ ಎಂಜಿನಿಗೆ ಇದೊಂದು ಮೇಲುಭಾರ.

ಸಿ-90 ಎಂಜಿನಿನ ಅನುಮೋದನೆಯಲ್ಲಿ ಎರಡು ಬಗೆಯ ಕಾರ್ಬ್ಯುರೆಟರುಗಳಿಗೆ ಎಡೆಯುಂಟು: ಸ್ಟ್ರೋಂಬರ್ಗ್ ಎನ್‌ಎ-ಎಸ್3, ಮಾರ್ವೆಲ್-ಶೆಬ್ಲರ್ ಎಂಎ-3. ಎರಡೂ ಎಂಜಿನಿನ ಕೆಳಗೆ ಕುಳಿತು ಗಾಳಿಯನ್ನು ಮೇಲ್ಮುಖವಾಗಿ ಕಳುಹುವ ಜಾತಿಯವು. ತೇಲುಗುಂಡು ಸಿಕ್ಕಿಕೊಂಡು ಪೆಟ್ರೋಲು ತುಂಬಿ ಹರಿದರೂ ಅದು ಸಿಲಿಂಡರಿಗೆ ನುಗ್ಗದೆ ಹೊರಗೆ ತೊಟ್ಟಿಕ್ಕುವುದು. ತೊಟ್ಟಿಯು ಮೇಲಿದ್ದರೆ ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಬರುವುದರಿಂದ ಪಂಪಿನ ಅಗತ್ಯವೂ ಇಲ್ಲ. ಈ ಎರಡು ಗುಣಗಳಲ್ಲಿ ಅವು ಸಮಾನ. ಸ್ಟ್ರೋಂಬರ್ಗಿನಲ್ಲಿ ಭಾಗಗಳು ಕಡಮೆ, ಕೆಡತಕ್ಕುದೂ ಕಡಮೆ. ಆದರೆ ಅದರ ಮಿಶ್ರಣನಿಯಂತ್ರಣವು ತೇಲುಗುಂಡಿನ ಪಾತ್ರೆಯ ಮೇಲಣ ಒತ್ತಡವನ್ನು ಸ್ವಲ್ಪ ತಗ್ಗಿಸುವುದರಿಂದ ನಡೆಯತಕ್ಕುದಾಗಿ, ಥ್ರಾಟಲು ತೆರೆದಿರುವಾಗ ಮಾತ್ರ ಸ್ವಲ್ಪಮಟ್ಟಿಗೆ ಕೆಲಸಮಾಡುವುದು. ಎಂಜಿನನ್ನು ನಿಲ್ಲಿಸಲು ಅದರಿಂದಾಗದು. ಅನೇಕ ವಿಮಾನಗಳಲ್ಲಿ ಅದನ್ನು ಗಾಢಸ್ಥಾನದಲ್ಲಿಯೇ ತಂತಿಯಿಂದ ಬಿಗಿದುಬಿಡುವ ವಾಡಿಕೆಯುಂಟು. ಥ್ರಾಟಲನ್ನು ಥಟ್ಟನೆ ತೆರೆದಾಗ ಹೆಚ್ಚು ಪೆಟ್ರೋಲನ್ನು ಚಿಮ್ಮಿಸುವ ಪಂಪೂ ಅದರಲ್ಲಿಲ್ಲ. ಮಾರ್ವೆಲಿನಲ್ಲಿ ಇವೆರಡೂ ಉಂಟು. ಸಮುದ್ರತೀರದ ತಂಪಿನಲ್ಲಿ ಸ್ಟ್ರೋಂಬರ್ಗಿನ ಸರಳತೆಯು ಮೆಚ್ಚತಕ್ಕ ಗುಣವೇ ಸರಿ. ವೈಶಾಖದ ಯಾದಗಿರಿಯಲ್ಲಿ, ನೂರಕ್ಕೆ 7ರಷ್ಟು ಗಾಢತೆಯನ್ನು ವಿಮಾನಿಕನು ಕೈಯಿಂದಲೇ ತಿದ್ದಬೇಕಾದಲ್ಲಿ, ತಿದ್ದಲಿಕ್ಕೆ ಬಾರದ ಸರಳತೆಯನ್ನು ಗುಣವೆಂದು ಎಣಿಸಲು ಸಾಧ್ಯವಿಲ್ಲ. ಇಲ್ಲಿಗೆ ಮಾರ್ವೆಲೇ ತಕ್ಕದ್ದು.

ಆದರೆ ಬಿಸಿಲಿನ ತೊಂದರೆ ಎಲ್ಲರ ಕಣ್ಣಿಗೂ ಬೀಳತಕ್ಕುದು. ಅದಕ್ಕೆ ಅಂಜಿ ಎಚ್ಚರವಹಿಸುವವರೂ ಇದ್ದಾರೆ. ಈ ಸೀಮೆಯಲ್ಲಿ ಹೆಚ್ಚು ಅಪಾಯಕರವಾದುದು ಯಾರೂ ನಿರೀಕ್ಷಿಸದ ಹಿಮ. ಬಯಲುಸೀಮೆಯಲ್ಲಿ ಹಿಮವೆಲ್ಲಿಯದೆಂದು ನಗುವುದು ಸುಲಭ. ಕಾರ್ಬ್ಯುರೆಟರಿನ ಒಳಗಣ ಹಿಮಕ್ಕೂ ಹೊರಗಣ ಚಳಿಗೂ ಇರುವ ಸಂಬಂಧ ಜನರು ಭಾವಿಸಿರುವಷ್ಟು ನೇರವಾದುದಲ್ಲ; ಹೊರಗೆ 25 ಡಿಗ್ರಿಗಿಂತ ಹೆಚ್ಚಿನ ಸೆಖೆಯಿರುವಾಗಲೂ ಅದು ಕಟ್ಟಬಲ್ಲುದು. ಅದಕ್ಕೆ ಬೇಕಾದುದು ತೇವ.

ಆಷಾಢದ ಒಂದು ಸಂಜೆಯನ್ನು ಎಣಿಸಿಕೊಳ್ಳಬಹುದು. ಉಷ್ಣತೆ 26 ಡಿಗ್ರಿ. ಆರ್ದ್ರತೆ ನೂರಕ್ಕೆ 85. ಆಗ ಒಂದು ಘನಮೀಟರು ಗಾಳಿಯಲ್ಲಿ 20 ಗ್ರಾಮಿಗಿಂತ ಮೇಲ್ಪಟ್ಟು ನೀರಿನ ಆವಿಯಿರುವುದು. ಮೇಲ್ಕಂಡ ವೈಶಾಖದ ಮಧ್ಯಾಹ್ನದಲ್ಲಿ ಆರ್ದ್ರತೆ 15 ಇದ್ದರೆ ಅದು 9 ಗ್ರಾಮನ್ನು ಮೀರದು. ಬಿಸಿಯೂ ವಿಪುಲವಾದುದರಿಂದ ಆಗ ಹಿಮದ ಭಯವಿಲ್ಲ. ಆಷಾಢದಲ್ಲಾದರೋ ವಿಮಾನವು ಇಳಿಯಲೆಂದು ಥ್ರಾಟಲನ್ನು ಮುಚ್ಚುತ್ತಿದೆ. ಥ್ರಾಟಲಿನ ತಟ್ಟೆಗೂ ಗೋಡೆಗೂ ನಡುವೆ ಉಳಿದ ಸೀಳಿನಲ್ಲಿ ಗಾಳಿಯು ಅತಿವೇಗದಿಂದ ನುಗ್ಗಿ ಹಿಗ್ಗಿ ತಣ್ಣಗಾಗುವುದು. ಅದೇ ತಟ್ಟೆಯ ಮೇಲೆ ತೆಳುವಾಗಿ ಹರಡಿದ ಪೆಟ್ರೋಲು ಆವಿಯಾಗುತ್ತ ಲೋಹದ ಶಾಖವನ್ನು ಹೀರುವುದು. ಒಳಗೆ ಬಂದ ಗಾಳಿಯೆಲ್ಲ ಶೂನ್ಯ ಡಿಗ್ರಿಗೆ ಇಳಿಯಬೇಕಾಗಿಲ್ಲ; ತಟ್ಟೆಯ ಅಂಚೊಂದು ಇಳಿದರೆ ಸಾಕು. ಸೆಕೆಂಡಿಗೆ 15 ಲೀಟರು ಗಾಳಿಯನ್ನು ಮಾತ್ರ ಎಳೆಯುತ್ತಿರುವ ಎಂಜಿನಿನ ಬಾಯಿಗೆ ನಿಮಿಷಕ್ಕೆ 18 ಗ್ರಾಂ ನೀರು ಹೋಗುತ್ತಿರುವುದು. ಇದರಲ್ಲಿ ಹತ್ತನೆಯ ಒಂದು ಪಾಲು ಆ ಅಂಚಿಗೆ ಹತ್ತಿ ಗಟ್ಟಿಯಾದರೂ ನಿಮಿಷನಿಮಿಷಕ್ಕೆ ಸೀಳು ಕಿರಿದಾಗುತ್ತ ಬರುವುದು. ಶಕ್ತಿ ಮೊದಲೇ ತಗ್ಗಿರುವುದರಿಂದ ವಿಮಾನಿಕನಿಗೆ ಯಾವ ಸೂಚನೆಯೂ ದೊರೆಯುವುದಿಲ್ಲ. ಓಟದ ಪಟ್ಟಿಯು ತುಸು ದೂರದಲ್ಲಿರುವಾಗ ಶಕ್ತಿ ಬೇಕೆಂದು ಸನ್ನೆಯನ್ನು ಮುಂದಕ್ಕೆ ತಳ್ಳಿದಾಗಲೇ ಎಂಜಿನು ಉತ್ತರ ಕೊಡುವುದಿಲ್ಲವೆಂಬುದು ಗೊತ್ತಾಗುವುದು. ಕೆಳಗೆ ಇರುವುದು ಶಹಾಪುರದ ಬಂಡೆಗುಡ್ಡವಾಗಬಹುದು, ನಾರಾಯಣಪುರದ ಎಡದಂಡೆ ಕಾಲುವೆಯ ನೀರುಂಡ ಬತ್ತದ ಗದ್ದೆಯಾಗಬಹುದು. ಎರಡೂ ಇಳಿಯತಕ್ಕ ನೆಲವಲ್ಲ. ಇಳಿದ ಹಿಮವೋ ಕ್ಷಣದಲ್ಲಿ ಕರಗಿಹೋಗುವುದರಿಂದ ಪರೀಕ್ಷಿಸಲು ಬಂದವರಿಗೆ ಕುರುಹೂ ಸಿಕ್ಕದು.

ಇನ್ನು ಎತ್ತರದಲ್ಲಿ ಪರಿಸ್ಥಿತಿ ಮತ್ತಷ್ಟು ವಿಷಮ. ಅದೇ ಸಂಜೆ ನೆಲದಿಂದ 1,500 ಮೀಟರು ಮೇಲೆ ಉಷ್ಣತೆ 17 ಡಿಗ್ರಿಯ ಸುತ್ತಿದ್ದು ಮೋಡದ ಅಂಚಿನಲ್ಲಿ ಗಾಳಿ ತೇವದಿಂದ ತುಂಬಿರುವುದರಿಂದ, ಥ್ರಾಟಲು ಎಷ್ಟು ತೆರೆದಿದ್ದರೂ ಹಿಮಕ್ಕೆ ಅವಕಾಶವುಂಟು. 2017ರಲ್ಲಿ ಸರಕಾರದ ವರ್ಷಧಾರೆ ಯೋಜನೆಗಾಗಿ ಸುರಪುರದಲ್ಲಿ ರೇಡಾರನ್ನು ನಿಲ್ಲಿಸಿ ಬಿತ್ತಲು ತಕ್ಕ ಮೋಡಗಳನ್ನು ಹುಡುಕಿದುದು ವಾಚಕರಿಗೆ ನೆನಪಿರಬಹುದು. ಆ ಕೆಲಸಕ್ಕೆ ಬಂದ ವಿಮಾನಗಳು ಟರ್ಬೈನ್ ಎಂಜಿನಿನವಾದುದರಿಂದ ಅವುಗಳಲ್ಲಿ ಕಾರ್ಬ್ಯುರೆಟರೇ ಇರಲಿಲ್ಲ. ಅದೇ ಮೋಡಗಳ ಬಳಿಗೆ ಪುಷ್ಪಕದಂಥ ವಿಮಾನವೊಂದು ಹೋದರೆ ಅದರ ಪಾಡೇ ಬೇರೆ.

ಈ ದೃಷ್ಟಿಯಿಂದ ನೋಡಿದರೆ ಕಾರ್ಬ್ಯುರೆಟರಿನ ಆಯ್ಕೆಯಲ್ಲಿ ಅದನ್ನು ಎಲ್ಲಿ ಕೂರಿಸಲಾಗಿದೆಯೆಂಬುದು ಅದರ ಹೆಸರಿಗಿಂತ ಮುಖ್ಯವಾದುದೆಂದು ತೋರುವುದು. ಲೈಕೋಮಿಂಗಿನ ಸಣ್ಣ ಎಂಜಿನುಗಳಲ್ಲಿ ಕಾರ್ಬ್ಯುರೆಟರನ್ನು ಎಣ್ಣೆಯ ತೊಟ್ಟಿಗೆ ಬಿಗಿದಿರುವುದರಿಂದ ಬಿಸಿ ಎಣ್ಣೆಯ ಶಾಖ ಅದಕ್ಕೆ ಮುಟ್ಟುವುದು. ಕಾಂಟಿನೆಂಟಲಿನ ಸಿ ಸರಣಿಯಲ್ಲಿ ಅದು ತೊಟ್ಟಿಯಿಂದ ದೂರವಾಗಿ ಗಾಳಿಯ ಕವಲುಕೊಳವೆಗೆ ನೇತುಬಿದ್ದಿದೆ. ಆದಕಾರಣವೇ ಈ ಎಂಜಿನುಗಳು ಹಿಮಕ್ಕೆ ಬೇಗ ಒಳಗಾಗುವುವೆಂಬ ಅಪಖ್ಯಾತಿ ಪಡೆದಿವೆ. ಸ್ಟ್ರೋಂಬರ್ಗಾಗಲಿ ಮಾರ್ವೆಲಾಗಲಿ ಇದನ್ನು ತಪ್ಪಿಸಲಾರವು. ಇದಕ್ಕೆ ಉಳಿದ ಉಪಾಯ, ನಿಷ್ಕಾಸದ ಕೊಳವೆಯ ಸುತ್ತ ಕಾಯಿಸಿದ ಗಾಳಿಯನ್ನು ಒಳಕ್ಕೆ ಬಿಡುವುದು. ಸಾಮಾನ್ಯ ವೆಂಚುರಿ ಕಾರ್ಬ್ಯುರೆಟರುಳ್ಳ ಎಂಜಿನಿಗೆ, ಅದು ಶೇಕಡ 75 ಶಕ್ತಿಯಲ್ಲಿ ನಡೆಯುವಾಗ, ಗಾಳಿಯ ಉಷ್ಣತೆಯನ್ನು 50 ಡಿಗ್ರಿ ಏರಿಸಬಲ್ಲ ಏರ್ಪಾಡು ಇರತಕ್ಕುದೆಂದು ಲಘುವಿಮಾನಗಳ ನಿಯಮಾವಳಿಗಳು ವಿಧಿಸಿವೆ. ನಿಯಮ ಸಾಧುವಾದುದೇ; ಆದರೆ 75ರಲ್ಲಿ ಅಳೆದ ಶಾಖವು ಇಳಿಯುವ ಕಾಲದ ಮಂದವಾದ ಎಂಜಿನಿನಲ್ಲಿ, ನಿಷ್ಕಾಸವೇ ತಣ್ಣಗಾಗಿರುವಾಗ, ಎಷ್ಟು ಉಳಿದಿರುವುದೆಂಬುದೇ ನಿಜವಾದ ಪ್ರಶ್ನೆ. ಪರೀಕ್ಷೆಯು ಬಲಿಷ್ಠವಾದ ಹೊತ್ತನ್ನು ಆರಿಸಿಕೊಂಡಿದೆ. ಅಪಾಯವು ದುರ್ಬಲವಾದ ಹೊತ್ತನ್ನು. ಆದ್ದರಿಂದಲೇ ಥ್ರಾಟಲನ್ನು ಮುಚ್ಚಿದ ಮೇಲಲ್ಲ, ಮುಚ್ಚುವುದಕ್ಕೆ ಮುಂಚೆಯೇ ಬಿಸಿಗಾಳಿಯನ್ನು ತೆರೆಯಬೇಕೆಂದು ಬೋಧಿಸುವುದು. ಬಿಸಿಲುನಾಡಿನ ವಿದ್ಯಾರ್ಥಿಗೆ ಇದು ಪರದೇಶದ ಆಚಾರದಂತೆ ಕಂಡರೆ ಆಶ್ಚರ್ಯವಿಲ್ಲ. ಕಾರಣವನ್ನು ಹೇಳದೆ ಬೋಧಿಸಿದ ಆಚಾರಗಳೆಲ್ಲಕ್ಕೂ ಇದೇ ಗತಿ.

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೆಟರೀಸ್ ನಿರ್ಮಿಸಿದ ಹಂಸ-3 ವಿಮಾನದಲ್ಲಿ ಈ ಸಮಸ್ಯೆಗೆ ಮತ್ತೊಂದು ಉತ್ತರ ದೊರೆತಿದೆ. 1996ರಲ್ಲಿ ಮೊದಲು ಹಾರಿ 2000ದಲ್ಲಿ ಪ್ರಮಾಣಪತ್ರವನ್ನು ಪಡೆದ ಈ ವಿಮಾನದ ಎಂಜಿನು ರೊಟಾಕ್ಸ್ 914. ಗಾತ್ರ 1,211 ಘನಸೆಂಟಿಮೀಟರು. ಏರುವಾಗ 115 ಅಶ್ವಶಕ್ತಿ. ಇದಕ್ಕೆ ಎರಡು ಬಿಂಗ್ ಕಾರ್ಬ್ಯುರೆಟರುಗಳು. ಇವುಗಳಲ್ಲಿ ಕಂಠದ ಅಗಲವು ಸ್ಥಿರವಲ್ಲ. ಒಂದು ಕೊಂತವು ಗಾಳಿಯ ಎಳೆತಕ್ಕೆ ತಕ್ಕಂತೆ ತಾನೇ ಏರಿ ಇಳಿದು ಇಳಿತವನ್ನು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಕಾಪಾಡುವುದು. ಮೇಲೆ ಲೆಕ್ಕಹಾಕಿದ 35, 40 ಮಿಲಿಮೀಟರುಗಳ ಜಗಳವೇ ಇಲ್ಲಿ ಏಳುವುದಿಲ್ಲ. ಎಂಜಿನಿನ ಬೇಡಿಕೆಯೇ ಕಂಠವನ್ನು ಆರಿಸುತ್ತದೆ. ವಿಮಾನಿಕನ ಕೈಗೆ ಮಿಶ್ರಣದ ಸನ್ನೆಯೂ ಇಲ್ಲ. ಅದಕ್ಕೂ ಮಿಗಿಲಾಗಿ, ಟರ್ಬೊಚಾರ್ಜರು ಒತ್ತಿದ ಗಾಳಿ ಪೆಟ್ಟಿಗೆಯೊಂದರ ಮೂಲಕ ಕಾರ್ಬ್ಯುರೆಟರಿಗೆ ಬರುವುದು. ಒತ್ತಿದ ಗಾಳಿ ಬಿಸಿಯಾಗಿರುವುದರಿಂದ ಹಿಮದ ಭಯ ಬಹುಮಟ್ಟಿಗೆ ಅಲ್ಲಿಯೇ ತೀರಿತು. ವೈಶಾಖದ ತೆಳುಗಾಳಿಯ ಕೊರತೆಯೂ ತುಂಬಿತು. ಯಾದಗಿರಿಯ ಎರಡು ಋತುಗಳನ್ನು ಮುಂದಿಟ್ಟುಕೊಂಡು ಆರಿಸಿದ್ದರೂ ಇದಕ್ಕಿಂತ ಒಪ್ಪುವ ಆಯ್ಕೆ ಸಿಕ್ಕುತ್ತಿರಲಿಲ್ಲವೆಂದು ಹೇಳಬೇಕು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷವಾಗುವುದು. ಕಾರ್ಬ್ಯುರೆಟರಿನ ಬಾಯಲ್ಲಿ ಒತ್ತಡ ಏರಿದ್ದರಿಂದ ಪೆಟ್ರೋಲಿನ ಒತ್ತಡವೂ ಅದಕ್ಕಿಂತ ಸುಮಾರು ಕಾಲು ಬಾರಿನಷ್ಟು ಮೇಲಿರಬೇಕು. ತೊಟ್ಟಿಯ ಭಾರದಿಂದ ಅದು ಬಾರದು. ಎರಡು ವಿದ್ಯುತ್ ಪಂಪುಗಳನ್ನು ಇಟ್ಟಿರುವುದು ಅದಕ್ಕಾಗಿಯೇ; ವಿದ್ಯುತ್ತು ಹೋದರೆ ಎಂಜಿನೂ ಹೋಯಿತು. ಎರಡು ಕಾರ್ಬ್ಯುರೆಟರುಗಳು ಒಂದೇ ಕಾಲಕ್ಕೆ ಒಂದೇ ಪ್ರಮಾಣದಲ್ಲಿ ತೆರೆಯುವಂತೆ ಆಗಾಗ ಹೊಂದಿಸದಿದ್ದರೆ ಎಂಜಿನು ಅದುರಿ ತನ್ನನ್ನು ತಾನೇ ಸವೆಸಿಕೊಳ್ಳುವುದು. ತೇಲುಗುಂಡುಗಳು ಪೆಟ್ರೋಲನ್ನು ಹೀರಿ ಭಾರವಾಗುವ ದೋಷವೂ ಇವಕ್ಕುಂಟು. ಒಂದು ಕಾರ್ಬ್ಯುರೆಟರಿನ ಎರಡು ಗುಂಡುಗಳೂ ಸೇರಿ 7 ಗ್ರಾಮನ್ನು ಮೀರಬಾರದೆಂದು ನಿಯಮ. ಏಳು ಗ್ರಾಮನ್ನು ತೂಗಬಲ್ಲ ತಕ್ಕಡಿಯೂ ಎರಡು ಕಾರ್ಬ್ಯುರೆಟರುಗಳನ್ನು ಸಮಗೊಳಿಸಬಲ್ಲ ಕೈಯೂ ಇರುವ ಶಾಲೆಗೆ ಹಂಸ-3ರ ಏರ್ಪಾಡು ಉತ್ತಮ. ಅವು ಇಲ್ಲದ ಕಡೆ ಒಂದೇ ಮಾರ್ವೆಲನ್ನು ಅರಿತು ನಡೆಸುವುದು ಮೇಲು.

2021ರ ಸೆಪ್ಟೆಂಬರಿನಲ್ಲಿ ಹಾರಿದ ಹಂಸ-ಎನ್‌ಜಿಯಲ್ಲಿ ಕಾರ್ಬ್ಯುರೆಟರನ್ನೇ ತೆಗೆದು, ಪೆಟ್ರೋಲನ್ನು ಸೂಜಿಬಾಯಿಗಳಿಂದ ಚಿಮ್ಮಿಸುವ ರೊಟಾಕ್ಸ್ 912 ಐಎಸ್ ಎಂಜಿನನ್ನು ಇರಿಸಿದ್ದಾರೆ. ಕಂಠವೂ ಇಲ್ಲ, ಥ್ರಾಟಲಿನ ತಟ್ಟೆಯ ಮೇಲೆ ಪೆಟ್ರೋಲು ಆರುವುದೂ ಇಲ್ಲ. ಇಲ್ಲಿಯೂ ಎಲ್ಲವೂ ವಿದ್ಯುತ್ತಿನ ಮೇಲೆ ನಿಂತಿರುವುದರಿಂದ ಎರಡು ಉತ್ಪಾದಕಗಳನ್ನೂ ಎರಡು ನಿಯಂತ್ರಣಪಥಗಳನ್ನೂ ಇಟ್ಟಿರುವುದು ಉಚಿತವಾಗಿದೆ.

ಕೊನೆಗೆ ಪೆಟ್ರೋಲಿನ ವಿಷಯದಲ್ಲಿ ಒಂದು ಮಾತು. 2025ರಲ್ಲಿ ದೇಶದ ಮೋಟಾರು ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ನ್ನು ಮುಟ್ಟಿತು. ಇಂಥ ಮಿಶ್ರಣಕ್ಕೆ ಗಾಳಿ ಕಡಮೆ ಸಾಕಾಗುವುದರಿಂದ, ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಅದು ನೂರಕ್ಕೆ ಸುಮಾರು 8ರಷ್ಟು ತೆಳುವಾಗುವುದು. ಬಿಸಿಗಾಳಿ ಮಿಶ್ರಣವನ್ನು 7ರಷ್ಟು ಗಾಢಮಾಡುವುದೆಂದು ಮೇಲೆ ಹೇಳಿದೆಯಾಗಿ, ಎರಡೂ ಒಂದನ್ನೊಂದು ಸರಿದೂಗಿಸುವುವೆಂದು ಯಾರಾದರೂ ವಾದಿಸಬಹುದು. ವೈಶಾಖದ ಮಧ್ಯಾಹ್ನದ ಮಟ್ಟಿಗೆ ಲೆಕ್ಕ ಹಾಗೆಯೇ ತೋರುವುದು. ಪುಷ್ಯಮಾಸದ ಬೆಳಗಿನಲ್ಲಿ, 15 ಡಿಗ್ರಿಯಲ್ಲಿ, ಗಾಳಿಯಿಂದ ಬರುವ ಗಾಢತೆ 2ಕ್ಕೆ ಇಳಿದು ಎಂಜಿನು ಏರುತ್ತಿರುವಾಗಲೇ 6ರಷ್ಟು ತೆಳುಮಿಶ್ರಣದಲ್ಲಿ ಕಾಯಬೇಕಾಗುವುದು. ಎಥನಾಲು ಆವಿಯಾಗಲು ಪೆಟ್ರೋಲಿಗಿಂತ ಎರಡು ಪಾಲಿಗೂ ಮೀರಿ ಶಾಖವನ್ನು ಹೀರುವುದರಿಂದ ಆಷಾಢದ ಸಂಜೆಯ ಥ್ರಾಟಲಿನ ತಟ್ಟೆಯೂ ಇನ್ನಷ್ಟು ತಣ್ಣಗಾಗುವುದು. ರೊಟಾಕ್ಸಿನವರು ಎಥನಾಲಿಗೆ ಇಟ್ಟಿರುವ ಮಿತಿ ಶೇಕಡ 10 ಮಾತ್ರ. ಶಹಾಪುರದ ಪೆಟ್ರೋಲು ಬಂಕಿನಿಂದ ಡಬ್ಬಿಯಲ್ಲಿ ತಂದುದು ಆ ಮಿತಿಯ ಇಮ್ಮಡಿಯಾದೀತು.